ಹೂಂಗುಟ್ಟಿದವನು

ಹೂಂಗುಟ್ಟುವವರಿಲ್ಲದೆ ಕತೆ ಹೇಳಬಾರದು ಎಂಬುದು ಸುಗುಣಳಿಗೆ ಅಜ್ಜಿಯಿಂದ ಬಂದ ಮಾತು. ಕಾಪು ಕಡೆಯ ಗದ್ದೆಯಲ್ಲಿ ನೇಜಿ ನೆಡುತ್ತ ಅಜ್ಜಿ ಪಾಡ್ದನದ ಹಾಡು ಎತ್ತಿಕೊಂಡರೆ ಸಾಲಿನಲ್ಲಿದ್ದವರು ಸೊಲ್ಲು ಕೊಡಲೇಬೇಕು. ಕೊಡದಿದ್ದರೆ ಅಜ್ಜಿ ಸೊಂಟ ನೆಟ್ಟಗೆ ಮಾಡಿ ನಿಂತುಬಿಡುತ್ತಿದ್ದಳು. "ಕೇಳುವವರಿಲ್ಲದಲ್ಲಿ ದೈವವೂ ನುಡಿ ಕೊಡುವುದಿಲ್ಲ, ನಾನು ಯಾವ ಲೆಕ್ಕ?" ಎನ್ನುತ್ತಿದ್ದಳು. ಆ ಗದ್ದೆಯಿಂದ ಮೆಲ್ಬರ್ನಿನ ಕ್ರಾನ್‌ಬರ್ನ್‌ವರೆಗೆ ಬಂದರೂ ಸುಗುಣ ಆ ನಿಯಮ ಬಿಟ್ಟಿರಲಿಲ್ಲ. ಗಂಡ ಕೊರಗಪ್ಪ ರೈಲು ಡಿಪೋದಲ್ಲಿ ಬೋಗಿ ತೊಳೆದು ಬಂದು ಊಟಕ್ಕೆ ಕೂತರೆ ಇವಳು ಬಡಿಸುತ್ತ ಏನಾದರೊಂದು ಕತೆ ಎತ್ತುವಳು. ಅವನು ಅನ್ನ ಕಲಸುತ್ತ ಹೂಂಗುಟ್ಟುವನು. ಅವನ ಹೂಂ ಎಷ್ಟು ಪಳಗಿತ್ತೆಂದರೆ, ನಿದ್ದೆ ಬಂದಿದ್ದರೂ ಸರಿಯಾದ ಜಾಗಕ್ಕೆ ಬಂದು ಬೀಳುತ್ತಿತ್ತು.

ಎರಡು ಸಾವಿರದ ಆರನೆಯ ಆ ವರ್ಷ ಮನೆಯ ಕತೆಗಳೆಲ್ಲ ಅಮೆರಿಕದವು. ಮಗಳು ನಿಶ್ಮಿತಾ ಯೂನಿವರ್ಸಿಟಿಯಲ್ಲಿ ಚರಿತ್ರೆ ಓದುತ್ತಿದ್ದಳು. ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ನಡೆದ ಒಂದು ಮುಷ್ಕರದ ಮೇಲೆ ಅವಳ ಪಿಎಚ್‌ಡಿ. ಬಂಗುಡೆ ಸಾರಿಗೆ ಕೊಬ್ಬರಿ ತುರಿಯಲು ಕೂತಳೆಂದರೆ ಅವಳ ಬಾಯಲ್ಲಿ ಅದೇ ಮಾತು.

"ಪುಲ್‌ಮನ್ ಅಂತ ಒಬ್ಬ ಇದ್ದ, ಅಮ್ಮ. ರೈಲಿನೊಳಗೆ ಮಲಗುವ ಡಬ್ಬಿ ಮಾಡುವ ಕಾರ್ಖಾನೆ ಅವನದ್ದು. ಶಿಕಾಗೋ ಹತ್ತಿರ ಕೆಲಸಗಾರರಿಗೆ ಅಂತ ಒಂದು ಇಡೀ ಊರನ್ನೇ ಕಟ್ಟಿಸಿದ. ಮನೆ ಅವನದ್ದು, ಅಂಗಡಿ ಅವನದ್ದು, ಲೈಬ್ರರಿ ಅವನದ್ದು. ಚರ್ಚನ್ನೂ ಬಾಡಿಗೆಗೆ ಇಟ್ಟಿದ್ದ."

ಸುಗುಣಳ ಸೌಟು ಅಲ್ಲೇ ನಿಂತಿತು. "ದೇವರ ಮನೆಗೂ ಬಾಡಿಗೆಯಾ?"

"ಬಾಡಿಗೆ ಜಾಸ್ತಿ ಅಂತ ಯಾರೂ ತಗೊಳ್ಳಲಿಲ್ಲ. ತುಂಬ ಕಾಲ ಖಾಲಿ ಬಿದ್ದಿತ್ತು."

"ದೇವರನ್ನು ಹೊರಗೆ ನಿಲ್ಲಿಸಿದವನ ಊರು ಉದ್ಧಾರ ಆಗುವುದುಂಟಾ?" ಸುಗುಣ ಕೃಷ್ಣನ ಪಟದ ಕಡೆ ಒಮ್ಮೆ ನೋಡಿದಳು. "ಆಮೇಲೆ?"

"ಆಮೇಲೆ ವ್ಯಾಪಾರ ಬಿತ್ತು. ಅವನು ಸಂಬಳ ಇಳಿಸಿದ, ಬಾಡಿಗೆ ಮಾತ್ರ ಇಳಿಸಲಿಲ್ಲ. ಜೆನ್ನಿ ಕರ್ಟಿಸ್ ಅಂತ ಒಬ್ಬಳು ಹುಡುಗಿ ಇದ್ದಳು, ರೈಲಿನ ಪರದೆ, ಜಮಖಾನ ಹೊಲಿಯುವವಳು. ಅಪ್ಪ ಅದೇ ಕಂಪನಿಗೆ ದುಡಿದು ಸತ್ತ. ಅವನ ಬಾಡಿಗೆ ಬಾಕಿಯನ್ನು ಮಗಳ ಸಂಬಳದಿಂದ ಮುರಿದುಕೊಂಡರು."

"ಅಯ್ಯೋ ಮಾರಾಯ್ತಿ! ಸತ್ತವನ ಬೊಜ್ಜದ ಕ್ರಿಯೆಗೂ ಬಿಡಲಿಲ್ಲವಾ?"

"ಇಟ್ಸ್ ನಾಟ್ ಎ ಫೇರಿ ಟೇಲ್ ಅಮ್ಮ. ಇದು ಹಿಸ್ಟರಿ."

"ಇರಲಿ. ಕತೆ ಅಲ್ಲದ ಹಿಸ್ಟರಿಯನ್ನು ಯಾರು ನೆನಪಿಡುತ್ತಾರೆ?"

ಆ ತಿಂಗಳೇ ಮಗ ಪ್ರತೀಕ್ ಹೆಂಡತಿ ವಿಜೇತಾಳೊಂದಿಗೆ ಸಿಡ್ನಿಯ ಬ್ಲ್ಯಾಕ್‌ಟೌನಿನಿಂದ ಬಂದು ಇಳಿದ. ಅವನ ಕಂಪನಿ ಮೆಲ್ಬರ್ನಿಗೆ ವರ್ಗ ಮಾಡಿತ್ತು. ಗ್ಲೆನ್ ವೇವರ್ಲಿಯಲ್ಲಿ ಮನೆ ಕೊಳ್ಳುವವರೆಗೆ ಇಲ್ಲೇ ಇರುವುದೆಂದು ಮಾತಾಯಿತು. ವಿಜೇತಾ ನಾಲ್ಕು ತಿಂಗಳ ಬಸುರಿ. ಹುಟ್ಟುವ ಮಗುವಿಗೆ ಶಾಲೆ ಆ ಸಬರ್ಬಿನದೇ ಆಗಬೇಕೆಂದು ಇಬ್ಬರಿಗೂ ಹಟ.

ಮನೆ ಸಣ್ಣದು, ಸ್ನಾನದ ಮನೆ ಒಂದೇ. ವಿಜೇತಾ ವಾಷಿಂಗ್ ಮಷಿನ್ ಹಾಕುವ ಹೊತ್ತಿಗೇ ನಿಶ್ಮಿತಾಳ ತಲೆಸ್ನಾನ. ಫ್ರಿಜ್ಜಿನಲ್ಲಿ ಮೀನಿನ ವಾಸನೆಯೆಂದು ಸೊಸೆಗೆ ತಕರಾರು, ಸೊಸೆ ತಂದ ಸಾಲಡ್ಡಿಗೆ ಉಪ್ಪೇ ಇಲ್ಲವೆಂದು ಮಾವನಿಗೆ ತಕರಾರು.

"ನಿನ್ನ ಕೆಲಸ ಎಂತದು ಮಗಾ?" ಎಂದು ಕೊರಗಪ್ಪ ಒಂದು ದಿನ ಕೇಳಿದ. "ಕೇಳಿದವರಿಗೆ ಹೇಳಲಿಕ್ಕೆ ಬರುವುದಿಲ್ಲ ನನಗೆ."

"ಕನ್ಸಲ್ಟಿಂಗ್ ಅಪ್ಪ. ಕಂಪನಿಗಳಿಗೆ ಸ್ಟಾಫ್ ಇಶ್ಯೂಸ್ ಇದ್ದರೆ ನಾವು ಹೋಗಿ ಸ್ಮೂತ್ ಮಾಡಿಕೊಡುತ್ತೇವೆ."

"ಇಸ್ತ್ರಿ ಪೆಟ್ಟಿಗೆ ಅನ್ನು!" ಎಂದಳು ನಿಶ್ಮಿತಾ. ಪ್ರತೀಕ್ ಕೂಡ ನಕ್ಕ. ಅಲ್ಲಿಗೆ ಮಾತು ಮುಗಿಯಿತು.

ಇಸ್ತ್ರಿಯ ಕೆಲಸ ನಿಜವಾಗಿ ಸುಗುಣಳದು. ಡ್ಯಾಂಡಿನಾಂಗ್ ಕಡೆ, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಬಿಸಿ ಉರುಳೆಯಿಂದ ಹೊರಬಂದ ದೊಡ್ಡ ಹೊದಿಕೆಗಳನ್ನು ಇಬ್ಬಿಬ್ಬರು ಹೆಂಗಸರು ಎರಡು ತುದಿ ಹಿಡಿದು, ಒಬ್ಬರ ಕಡೆಗೊಬ್ಬರು ನಡೆದು ಬಂದು ಮಡಿಸಬೇಕು. ಸುಗುಣಳ ಜೋಡಿ ಧಾರವಾಡದ ನೀಲಕ್ಕ. ಹೊದಿಕೆ ಮಡಚುತ್ತ ಹತ್ತಿರ ಬಂದಾಗ ಒಂದು ಮಾತು, ದೂರ ಹೋಗುವಾಗ ಅದಕ್ಕೆ ಉತ್ತರ. ವರ್ಷಗಟ್ಟಲೆ ಹೀಗೆ ಮಾತಾಡಿ, ಒಬ್ಬಳ ಸೊಸೆಯ ಬಸಿರು, ಇನ್ನೊಬ್ಬಳ ಗಂಡನ ಬೆನ್ನುನೋವು ಇಬ್ಬರಿಗೂ ಸ್ವಂತದ ಸಂಗತಿಗಳಾಗಿದ್ದವು. ನೀಲಕ್ಕನ ಗಂಡ ಚನ್ನಬಸಯ್ಯ ಗೋದಾಮಿನಲ್ಲಿ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ಆ ಮನೆಗೆ ಇವಳ ದುಡಿಮೆಯೊಂದೇ ಆಧಾರ. ಅದೂ ಕ್ಯಾಶುವಲ್, ವಾರದ ರೋಸ್ಟರಿನಲ್ಲಿ ಹೆಸರು ಬಿದ್ದರೆ ಕೆಲಸ, ಬೀಳದಿದ್ದರೆ ಇಲ್ಲ.

ಹೊಸ ಕಾನೂನು ಬಂದ ವರ್ಷ ಅದು. ಧಣಿಗಳು ಒಬ್ಬೊಬ್ಬರ ಜೊತೆ ಬೇರೆ ಬೇರೆ ಕರಾರು ಮಾಡಿಕೊಳ್ಳಬಹುದು ಎಂದಾಗಿತ್ತು. ಲಾಂಡ್ರಿಯಲ್ಲೂ ಕಾಗದ ಬಂತು. ಸಹಿ ಮಾಡಿದರೆ ಶನಿವಾರ ಭಾನುವಾರದ ಹೆಚ್ಚಿನ ಕೂಲಿ ಹೋಗುತ್ತಿತ್ತು, ಹಬ್ಬದ ದಿನದ್ದೂ ಹೋಗುತ್ತಿತ್ತು. "ಒನ್ ಬೈ ಒನ್ ಆಫೀಸಿಗೆ ಬನ್ನಿ, ಸೋಮವಾರದಿಂದ" ಎಂದು ಸೂಪರ್‌ವೈಸರ್ ಹೇಳಿ ಹೋದ.

ಟೀ ರೂಮಿನಲ್ಲಿ ಯಾರೂ ಬಿಸ್ಕತ್ತು ಮುಟ್ಟಲಿಲ್ಲ. ಆಗ ಸುಗುಣ ಕತೆ ಎತ್ತಿದಳು. ಕನ್ನಡ, ಹಿಂದಿ, ಬರುವಷ್ಟು ಇಂಗ್ಲಿಷ್ ಎಲ್ಲ ಸೇರಿಸಿ ಜೆನ್ನಿಯ ಕತೆ ಹೇಳಿದಳು. ಪುಲ್‌ಮನ್ ಸಾಹುಕಾರ ತನ್ನ ಊರಿನಲ್ಲಿ ದೇವರಿಗೂ ಬಾಡಿಗೆ ಹಾಕಿದ್ದು, ಅಪ್ಪನ ಬಾಕಿ ಮಗಳ ತಲೆಗೆ ಬಂದದ್ದು, ಆ ಹುಡುಗಿ ಸಾವಿರ ಗಂಡಸರಿದ್ದ ಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದು. ನೀಲಕ್ಕ ಹೂಂ ಹೂಂ ಎನ್ನುತ್ತಿದ್ದಳು. ಟೊಂಗಾದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು.

"ಒಬ್ಬೊಬ್ರಾಗಿ ಹೋದ್ರ ಅರಿವಿ ಹಿಂಡಿದಂಗ ಹಿಂಡ್ತಾರ" ಎಂದಳು ನೀಲಕ್ಕ. "ಸೋಮವಾರ ಎಲ್ಲಾರೂ ಕೂಡಿ ಹೋಗೂಣು. ಯಾರೂ ಸಹಿ ಮಾಡಾಂಗಿಲ್ಲ. ಎಷ್ಟ್ ಮಂದೀನ್ನ ತಗೀತಾರ ನೋಡೇಬಿಡೂಣು."

"ನಾನು ಮೊನ್ನೆ ಸೇರಿದವಳು, ನನ್ನನ್ನೂ ಸೇರಿಸ್ಕೋತೀರಾ?" ಎಂದಳು ಮೈಸೂರು ಕಡೆಯ ಭಾಗೀರಥಿ.

ಸುಗುಣಳಿಗೆ ಮಗಳು ಹೇಳಿದ ಇನ್ನೊಂದು ಸಂಗತಿ ನೆನಪಾಯಿತು. "ಆ ಅಮೆರಿಕದವರು ಒಂದು ತಪ್ಪು ಮಾಡಿದರಂತೆ. ಅದೇ ರೈಲಿನಲ್ಲಿ ಹಾಸಿಗೆ ಹಾಸುವ ಕರಿಯ ಜನ ಇದ್ದರು. ಅವರನ್ನು ಸಂಘಕ್ಕೆ ಸೇರಿಸಬಾರದು ಅಂತ ಬಾಗಿಲು ಹಾಕಿಕೊಂಡರಂತೆ."

"ಹಂಗಾರ ಸೋತಿರಬೇಕು" ಎಂದಳು ನೀಲಕ್ಕ. "ಬಾ ಭಾಗೀರಥಿ, ನೀ ನನ್ನ ಬಾಜೂಕ ನಿಲ್ಲು."

ಆ ಸಂಜೆ ಸುಗುಣ ಕಾಲು ನೆಲಕ್ಕೆ ತಾಗದವಳಂತೆ ಮನೆಗೆ ಬಂದಳು. ನೀರ್‌ದೋಸೆ ಹೊಯ್ಯುತ್ತ ಎಲ್ಲವನ್ನೂ ಹೇಳಿದಳು. ಕೊರಗಪ್ಪನಿಗೆ ಸಂಜೆಯ ಪಾಳಿ, ಅವನಿರಲಿಲ್ಲ. ಹೂಂಗುಟ್ಟುವವರಿಲ್ಲವಲ್ಲ ಎಂದು ಅವಳು ಒಂದು ಗಳಿಗೆ ನಿಂತದ್ದೇ ತಡ, ಪ್ರತೀಕ್ ತಟ್ಟೆ ಹಿಡಿದು ಒಲೆಯ ಪಕ್ಕಕ್ಕೇ ಬಂದ.

"ಹೂಂ, ಆಮೇಲೆ?"

ಮಗ ಹೂಂಗುಟ್ಟಿದ್ದು ಎಷ್ಟು ವರ್ಷಕ್ಕೆ! ಚಿಕ್ಕವನಿದ್ದಾಗ ಅವಳ ಸೆರಗು ಹಿಡಿದು ನಿದ್ದೆಗಣ್ಣಲ್ಲಿ ಹೂಂಗುಟ್ಟುತ್ತಿದ್ದವನು, ಇಂಗ್ಲಿಷ್ ಶಾಲೆ ಸೇರಿದ ಮೇಲೆ "ಯಾ, ಯಾ" ಎನ್ನತೊಡಗಿದ್ದ. ಸುಗುಣ ಎರಡು ದೋಸೆ ಹೆಚ್ಚು ಹಾಕಿದಳು.

"ಆಮೇಲೆ ಎಂತ? ಸೋಮವಾರ ಎಲ್ಲರೂ ಒಟ್ಟಿಗೆ ಹೋಗುವುದು. ಪುಲ್‌ಮನ್ನಿನ ಊರಿನ ಹಾಗೆ."

"ಹೂಂ. ಹಾಗಾದರೆ ನಿಮ್ಮಲ್ಲಿ ಡೆಬ್ಸ್ ಯಾರಮ್ಮ?"

ನಿಶ್ಮಿತಾ ಆಗಾಗ ಹೇಳುತ್ತಿದ್ದ ಡೆಬ್ಸ್ ಎಂದರೆ ಆ ಕಾಲದ ರೈಲು ಸಂಘದ ಮುಂದಾಳು. ಅವನ ಮಾತಿಗೆ ಅರ್ಧ ಅಮೆರಿಕದ ರೈಲುಗಳು ನಿಂತಿದ್ದವು. ಆ ಹೆಸರನ್ನು ಸುಗುಣ ಲಾಂಡ್ರಿಯಲ್ಲಿ ಎತ್ತಿರಲಿಲ್ಲ, ಅಲ್ಲಿಗೆ ಜೆನ್ನಿಯೊಬ್ಬಳೇ ಸಾಕಾಗಿದ್ದಳು. ಈಗ ಮಗ ಕೇಳಿದಾಗ ಅವಳಿಗೆ ತಮಾಷೆಯೆನಿಸಿತು.

"ಡೆಬ್ಸ್ ಬೇರೆ ಯಾರು, ನಮ್ಮ ನೀಲಕ್ಕ! ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿದರೆ ಯಾವ ರೈಲೂ ಮುಂದೆ ಹೋಗಲಿಕ್ಕಿಲ್ಲ."

ಅಕ್ಕಿ ನೆನೆಹಾಕುತ್ತಿದ್ದ ನಿಶ್ಮಿತಾ ನಕ್ಕಳು. "ಮತ್ತೆ ಜೆನ್ನಿ ಯಾರಮ್ಮ?"

"ಕತೆ ಹೇಳಿದವಳು ನಾನಲ್ಲವಾ? ಜೆನ್ನಿ ನಾನೇ ಅಂತ ಇಟ್ಟುಕೋ" ಎಂದು ಸುಗುಣ ಹುಡುಗಿಯಂತೆ ನಾಚಿದಳು.

ಪ್ರತೀಕ್ ತಟ್ಟೆ ತೊಳೆದಿಟ್ಟ. ಅದೂ ಎಂದೂ ಇಲ್ಲದ್ದು.

ಶುಕ್ರವಾರ ಊಟದ ಬಿಡುವಿಗೆ ಮುಂಚೆ ನೀಲಕ್ಕನಿಗೆ ಆಫೀಸಿನಿಂದ ಕರೆ ಬಂತು. ಹೊದಿಕೆಯ ಒಂದು ತುದಿ ಸುಗುಣಳ ಕೈಯಲ್ಲೇ ಉಳಿಯಿತು. ನೀಲಕ್ಕ ಮರಳಿ ಮಡಿಸಲು ಬರಲಿಲ್ಲ. ಶಿಫ್ಟ್ ಮುಗಿಸಿ ಸುಗುಣ ಹೊರಗೆ ಓಡಿದಾಗ ಅವಳು ಬಸ್ ಸ್ಟಾಪಿನ ಬೆಂಚಿನ ಮೇಲೆ, ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಡಬ್ಬಿಯ ಊಟ ಹಾಗೆಯೇ ಇತ್ತು.

"ರೋಸ್ಟರ್‌ದಾಗ ಇನ್ನ ನನ್ನ ಹೆಸರಿಲ್ಲಂತ್ರಿ. ಇವತ್ತೂ ಇಲ್ಲ, ಮುಂದೂ ಇಲ್ಲ" ಎಂದಳು. "ಸೋಮವಾರದ್ದು ಎಲ್ಲಾ ಗೊತ್ತೈತಿ ಅವಂಗ. ಯಾರೋ ಹೇಳ್ಯಾರ."

"ಯಾರು ಹೇಳುತ್ತಾರೆ ನೀಲಕ್ಕ?"

"ಅದಾ ತಿಳೀವಲ್ದು. ಆ ಮ್ಯಾನೇಜರ್ ನಕ್ಕೋತ, 'ಸೋ ಯು ಆರ್ ಅವರ್ ಡೆಬ್ಸ್' ಅಂದ. ಡೆಬ್ಸ್ ಅಂದ್ರ ಯಾರ್ರೀ ಸುಗುಣಕ್ಕ? ಬೈಗುಳೇನು?"

ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಸುಗುಣ ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು.

"ಬೈಗುಳ ಅಲ್ಲ" ಎಂದಳು ಕಡೆಗೆ. "ಅಮೆರಿಕದ ಒಬ್ಬ. ದೊಡ್ಡ ಮನುಷ್ಯ."

"ಅಮೆರಿಕದಾಂವನ ಹೆಸರು ನನಗ್ಯಾಕ್ ಇಟ್ಟಾರು?" ಎಂದು ನೀಲಕ್ಕ ಕೇಳುತ್ತಿರುವಂತೆಯೇ ಬಸ್ಸು ಬಂತು. ಹತ್ತುವಾಗ ಅವಳು ತಿರುಗಿ, "ಸೋಮವಾರ ಬಿಡಬ್ಯಾಡ್ರಿ ಮತ್ತ. ನನ್ನ ಸಲುವಾಗಿ ಹೆದರಬ್ಯಾಡ್ರಿ" ಎಂದಳು.

ಮರುದಿನ ಶನಿವಾರ, ಮಧ್ಯಾಹ್ನಕ್ಕೆ ಕೋರಿರೊಟ್ಟಿ. ಮನೆಯವರೆಲ್ಲ ಕೂತಿದ್ದರು. ಸುಗುಣ ಬಡಿಸಲಿಲ್ಲ. ಕೋಳಿ ಸಾರಿನ ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟು ನಿಂತಳು.

"ಪ್ರತೀಕ್, ನೀನು ಸ್ಮೂತ್ ಮಾಡಿಕೊಡುವ ಕಂಪನಿಯ ಹೆಸರು ಹೇಳು."

"ಯಾವ ಕಂಪನಿ? ನಮಗೆ ತುಂಬ ಕ್ಲೈಂಟ್ಸ್ ಇದ್ದಾರಮ್ಮ."

"ನೀಲಕ್ಕನನ್ನು ಡೆಬ್ಸ್ ಅಂತ ನಾನು ಕರೆದದ್ದು ಈ ಒಲೆಯ ಹತ್ತಿರ. ಅದು ನಮ್ಮ ಮ್ಯಾನೇಜರನ ಬಾಯಿಗೆ ಹೇಗೆ ಹೋಯಿತು?"

ಪ್ರತೀಕ್ ಹೆಂಡತಿಯ ಕಡೆ ನೋಡಿದ. ವಿಜೇತಾ ನೀರಿನ ಲೋಟವನ್ನು ಆಚೆ ಈಚೆ ಸರಿಸಿದಳು.

"ಲುಕ್, ಅಮ್ಮ. ನಿಮ್ಮ ಲಾಂಡ್ರಿ ನಮ್ಮ ಕ್ಲೈಂಟ್ ಆಗಿದ್ದು ಕೋ-ಇನ್ಸಿಡೆನ್ಸ್. ಹೇಳಿದರೆ ನೀನು ಟೆನ್ಶನ್ ಮಾಡ್ಕೋತೀ ಅಂತ ಹೇಳಲಿಲ್ಲ. ಮೀಟಿಂಗಿನಲ್ಲಿ ಯಾರು ಲೀಡ್ ಮಾಡ್ತಿದ್ದಾರೆ ಅಂತ ಕೇಳಿದರು. ನಾನು ಹೇಳಿದೆ. ದಟ್ಸ್ ಮೈ ಜಾಬ್."

"ಉಂಡ ಮನೆಯ ಜಂತೆ ಎಣಿಸುವುದು ಜಾಬಾ?"

"ಇದು ನನ್ನದೂ ಮನೆ ಅಲ್ವಾ?"

"ಹೌದು ಮಗಾ. ಅದಕ್ಕೇ ಕೇಳುತ್ತಿದ್ದೇನೆ."

ನಿಶ್ಮಿತಾ ಕುರ್ಚಿ ಹಿಂದೆ ತಳ್ಳಿ ಎದ್ದಳು. "ಪುಲ್‌ಮನ್ನಿನ ಊರಿನ ತುಂಬ ಕಂಪನಿಯ ಕಿವಿಗಳಿದ್ದವು. ಮಾತಾಡಲು ಹೋದವರಿಗೆ ಏನೂ ತೊಂದರೆ ಮಾಡುವುದಿಲ್ಲ ಅಂತ ಅವನು ಮಾತು ಕೊಟ್ಟ, ಮಾರನೇ ದಿನವೇ ಮೂವರನ್ನು ಕೆಲಸದಿಂದ ತೆಗೆದರು. ನಾನು ಅದರ ಮೇಲೆ ಒಂದು ಚಾಪ್ಟರ್ ಬರೆದಿದ್ದೇನೆ ಪ್ರತೀಕ್! ಯು ಸ್ಯಾಟ್ ರೈಟ್ ಹಿಯರ್. ನನ್ನ ಓದನ್ನು ಕದ್ದುಕೊಂಡು ಹೋಗಿ ಅಲ್ಲಿ ಜೋಕ್ ಮಾಡಿದೆಯಾ?"

"ಡೋಂಟ್ ಬಿ ಡ್ರಮ್ಯಾಟಿಕ್. ಅವರು ಹೇಗೂ ಕಂಡುಹಿಡಿಯುತ್ತಿದ್ದರು. ನಾನು ಅಮ್ಮನನ್ನು ಉಳಿಸಿದ್ದೇನೆ, ಗೊತ್ತಾ? ಕತೆ ಶುರು ಮಾಡಿದ್ದು ಅಮ್ಮ ಅಂತ ನಾನು ಹೇಳಲಿಲ್ಲ. ಅವಳ ಹೆಸರು ಬಿಟ್ಟೆ."

ಸುಗುಣಳ ಕೈ ಮುಚ್ಚಳದಿಂದ ಜಾರಿತು. "ಹಾಗಾದರೆ ನೀಲಕ್ಕನ ತಟ್ಟೆಯ ಅನ್ನ ತೆಗೆದು ನನ್ನ ತಟ್ಟೆಗೆ ಹಾಕಿದೆಯಾ?"

"ಅತ್ತೆ" ಎಂದಳು ವಿಜೇತಾ ಮೆಲ್ಲಗೆ, "ಈ ಅಕೌಂಟ್ ಸರಿಹೋದರೆ ಅವರಿಗೆ ಪ್ರಮೋಷನ್. ಬ್ಯಾಂಕಿನವರು ಅದನ್ನು ನೋಡಿಯೇ ಮಾರ್ಟ್‌ಗೇಜ್ ಕೊಡುವುದು. ಮಗುವಿಗೋಸ್ಕರ..."

"ನಿನಗೂ ಗೊತ್ತಿತ್ತು."

ವಿಜೇತಾ ತಲೆ ತಗ್ಗಿಸಿದಳು.

ಕೊರಗಪ್ಪ ಅಷ್ಟು ಹೊತ್ತೂ ರೊಟ್ಟಿ ಮುರಿದು ತಟ್ಟೆಯಲ್ಲಿ ಹರಡುತ್ತಿದ್ದ. ಸಾರು ಬಾರದ್ದರಿಂದ ಅದು ಒಣಗಿಯೇ ಇತ್ತು. "ನನ್ನ ಅಪ್ಪ ಭೂತಸ್ಥಾನದ ಚಾಕರಿಯವ" ಎಂದ, ಯಾರ ಮುಖವನ್ನೂ ನೋಡದೆ. "ಯಾರ ಮನೆಯ ಗುಟ್ಟು ಕೇಳಿದರೂ ಕಿವಿಯಲ್ಲೇ ಸುಟ್ಟುಬಿಡಬೇಕು ಅನ್ನುತ್ತಿದ್ದ. ನಿನಗೆ ಅದನ್ನು ಹೇಳಿಕೊಡಲಿಕ್ಕೆ ನನಗೆ ಬಿಡುವಾಗಲಿಲ್ಲ." ಎದ್ದು ಕೈ ತೊಳೆದು ಹಿತ್ತಲಿಗೆ ಹೋದ. ಆ ದಿನದ ಕೋಳಿ ಸಾರನ್ನು ಯಾರೂ ಮುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ಸುಗುಣ ದೇವರಿಗೆ ದೀಪವಿಟ್ಟು, "ನಾಲಿಗೆ ಗಟ್ಟಿ ಕೊಡು ಸ್ವಾಮಿ" ಎಂದು ಬೇಡಿಕೊಂಡು ಹೋದಳು. ಲಾಂಡ್ರಿಯಲ್ಲಿ ನೀಲಕ್ಕನಿಲ್ಲದ ಸಾಲು ಹಲ್ಲುದುರಿದ ಬಾಯಿಯಂತಿತ್ತು. ಎಲ್ಲರೂ ಒಟ್ಟಿಗೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಹೆಸರು ಕರೆದಂತೆ ಒಬ್ಬೊಬ್ಬಳೇ ಹೋದಳು, ಒಬ್ಬೊಬ್ಬಳೇ ಬಂದಳು. ಸುಗುಣಳ ಹೆಸರೂ ಬಂತು. ಮ್ಯಾನೇಜರ್ ನಗುತ್ತ ಕುರ್ಚಿ ತೋರಿಸಿದ, ಪೆನ್ನಿನ ಮುಚ್ಚಳ ತೆಗೆದುಕೊಟ್ಟ. ಹೇಳಬೇಕೆಂದಿದ್ದ ಮಾತು ಬಾಯಿಗೆ ಬರುವುದರೊಳಗೆ ಕೈ ಸಹಿ ಹಾಕಿ ಮುಗಿಸಿತ್ತು. ಹೊರಗೆ ಬಂದು ಹೊದಿಕೆಯ ತುದಿ ಹಿಡಿದಳು.

ಚಳಿ ಜೋರಾಯಿತು. ಮನೆಯಲ್ಲಿ ಈಗ ಎರಡು ಅಡುಗೆ. ವಿಜೇತಾ ತನ್ನ ಗಂಡನಿಗೆ ಪಾಸ್ತಾ ಬೇಯಿಸಿಕೊಂಡು ಕೋಣೆಗೆ ಒಯ್ಯುವಳು. "ಹಾಲು ಮುಗಿದಿದೆ", "ಬಿನ್ ಹೊರಗಿಟ್ಟಿದ್ದೀಯಾ", ಇಷ್ಟೇ ಮಾತು. ಪ್ರತೀಕನಿಗೆ ಪ್ರಮೋಷನ್ ಆಯಿತು. ಗ್ಲೆನ್ ವೇವರ್ಲಿಯ ಮನೆಯೂ ಕುದುರಿತು. ನೀಲಕ್ಕ ಮಾತ್ರ ರೆಂಟ್ ಕಟ್ಟಲಾಗದೆ ಮನೆ ಬಿಟ್ಟು, ಗಂಡನನ್ನು ಕರೆದುಕೊಂಡು ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿದ್ದ ತಮ್ಮ ಶಶಿಧರನ ಮನೆ ಸೇರಿದಳೆಂದು ಸುದ್ದಿ ಬಂತು. ಹೊರಡುವ ಮೊದಲು ಅವಳು ಎರಡು ಸಲ ಫೋನ್ ಮಾಡಿದ್ದಳು. ಸುಗುಣ ಎತ್ತಿರಲಿಲ್ಲ.

ಲಾಂಡ್ರಿಯಲ್ಲಿ ಬೇರೊಂದು ಬೆಂಕಿ ಹೊಗೆಯಾಡುತ್ತಿತ್ತು. ಹೇಳಿಕೊಟ್ಟವಳು ಭಾಗೀರಥಿಯೆಂದು ಯಾರೋ ಅಂದಿದ್ದರು. ಮಗಳನ್ನು ಶಾಲೆಗೆ ಬಿಟ್ಟು ಬರಲು ತಡವಾಗುತ್ತದೆಂದು ಅವಳು ಸೂಪರ್‌ವೈಸರನ ಜೊತೆ ಮಾತಾಡಿದ್ದೇ ಸಾಕ್ಷಿಯಾಯಿತು. ಅವಳು ಟೀ ರೂಮಿಗೆ ಬಂದರೆ ಉಳಿದವರು ಕಪ್ಪು ಹಿಡಿದು ಹೊರಗೆ ಹೋಗುವರು. ಸುಗುಣಳ ಜೋಡಿ ಈಗ ಅವಳೇ. ಹೊದಿಕೆ ಮಡಚುತ್ತ ಹತ್ತಿರ ಬಂದಾಗ ಅವಳ ಕಣ್ಣು ಊದಿಕೊಂಡಿರುವುದು ಕಾಣುತ್ತಿತ್ತು.

"ನಾನಲ್ಲ ಅಕ್ಕ, ದೇವರಾಣೆ. ನೀವಾದ್ರೂ ನಂಬ್ತೀರಾ?"

ಅವಳು ತುದಿ ಹಿಡಿದು ದೂರ ಹೋದಳು. ಮತ್ತೆ ಹತ್ತಿರ ಬಂದಾಗ ಹೊದಿಕೆಯನ್ನು ಅವಳ ಕೈಗೇ ಬಿಟ್ಟು, ನೇರ ಟೀ ರೂಮಿಗೆ ನಡೆದಳು.

"ಕೇಳಿ ಎಲ್ಲರೂ" ಎಂದಳು. "ಭಾಗೀರಥಿ ಅಲ್ಲ. ಮಾತು ಹೋದದ್ದು ನನ್ನ ಮನೆಯಿಂದ. ನಾನು ಅಡುಗೆಮನೆಯಲ್ಲಿ ಹೇಳಿದೆ, ನನ್ನ ಮಗ ಕಂಪನಿಗೆ ಹೇಳಿದ."

ಅವಳ ಹರಕು ಇಂಗ್ಲಿಷಿನಲ್ಲಿ ಅದು ಇನ್ನೂ ಚಿಕ್ಕದಾಗಿ, ಇನ್ನೂ ಬರಿದಾಗಿ ಕೇಳಿಸಿತು. ಟೊಂಗಾದ ಹೆಂಗಸು ಕಪ್ಪು ಕೆಳಗಿಟ್ಟು ಎದ್ದು ಹೋದಳು. ಅವಳ ಹಿಂದೆ ಉಳಿದವರು. ಕೊನೆಗೆ ನಿಂತಿದ್ದವಳು ಭಾಗೀರಥಿ. ಅವಳೂ ಒಂದು ಗಳಿಗೆ ನೋಡಿ, "ಇಷ್ಟು ದಿನ ಬೇಕಾಯ್ತಾ ಅಕ್ಕ?" ಎಂದು ಹೊರಟುಹೋದಳು.

ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ದಿನ ಗೊತ್ತಾಯಿತು. ಹಿಂದಿನ ಸಂಜೆ ಪ್ರತೀಕ್ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲಿಲ್ಲ.

"ಅಮ್ಮ, ನೀನೇ ಉಕ್ಕಿಸಬೇಕು. ಅಪ್ಪನೂ ಬರಬೇಕು. ಎಲ್ಲರನ್ನೂ ಕರೆದಿದ್ದೇವೆ."

"ನಾಳೆ ನನಗೆ ಸಿಡ್ನಿಗೆ ಫ್ಲೈಟ್ ಉಂಟು. ನಿಶು ಬುಕ್ ಮಾಡಿದ್ದಾಳೆ."

"ನಾಳೆಯೇ ಆಗಬೇಕಾ? ಒಂದು ವಾರ ಬಿಟ್ಟು ಹೋಗು."

"ಒಂದು ವಾರ, ಒಂದು ವಾರ ಅಂತಲೇ ಇಷ್ಟು ದಿನವಾಯಿತು."

"ಅವಳ ಹತ್ತಿರ ಹೋಗಿ ನನ್ನ ಹೆಸರು ಹೇಳುತ್ತೀಯಲ್ಲ? ನಿನ್ನ ಸ್ವಂತ ಮಗನ ಹೆಸರು?" ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಬ್ಲ್ಯಾಕ್‌ಟೌನಿನಲ್ಲಿ ನಮ್ಮವರೆಲ್ಲ ಇದ್ದಾರೆ ಅಮ್ಮ. ನಾನು ಅಲ್ಲಿ ಮುಖ ತೋರಿಸುವುದು ಹೇಗೆ?"

"ನಿನ್ನ ಹೆಸರನ್ನು ನಾನು ಪ್ರತಿದಿನ ದೇವರ ಮುಂದೆ ಹೇಳುತ್ತೇನೆ. ಅದು ನಿಲ್ಲುವುದಿಲ್ಲ" ಎಂದಳು ಸುಗುಣ. "ಆದರೆ ಅವಳ ಮುಂದೆಯೂ ಒಂದು ಸಲ ಹೇಳಬೇಕು."

ಬೆಳಿಗ್ಗೆ ಕೊರಗಪ್ಪ ಅವಳನ್ನು ಟುಲ್ಲಮರೀನ್ ಏರ್‌ಪೋರ್ಟಿಗೆ ಬಿಟ್ಟ. ತಾನು ಮಾತ್ರ ಗ್ಲೆನ್ ವೇವರ್ಲಿಗೆ ಹೋಗುತ್ತೇನೆಂದ. "ಬಸುರಿ ಹುಡುಗಿ ಇದ್ದಾಳೆ. ಹಿರಿಯರೆಂದು ಒಬ್ಬರಾದರೂ ಬೇಕಲ್ಲ." ಸುಗುಣ ಬೇಡವೆನ್ನಲಿಲ್ಲ.

ಬ್ಲ್ಯಾಕ್‌ಟೌನಿನ ಆ ಮನೆಯ ಬಾಗಿಲು ತೆರೆದವಳು ನೀಲಕ್ಕನೇ. ಕೈಯೆಲ್ಲ ಜೋಳದ ಹಿಟ್ಟು. ಒಂದು ಕ್ಷಣ ನೋಡಿದವಳು, ಮೊಣಕೈಯಿಂದ ಬಾಗಿಲನ್ನು ಪೂರ್ತಿ ತಳ್ಳಿ, "ಅಯ್ಯ, ಸುಗುಣಕ್ಕ! ಬರ್ರಿ, ಒಳಗ ಬರ್ರಿ" ಎಂದಳು. ಒಳಕೋಣೆಯಲ್ಲಿ ಮಲಗಿದ್ದ ಚನ್ನಬಸಯ್ಯ ಅಲ್ಲಿಂದಲೇ, "ಶರಣ್ರೀ ಯಕ್ಕಾ, ಏಳಾಕ ಬರೂದಿಲ್ಲ, ತಪ್ಪ್ ತಿಳ್ಕೋಬ್ಯಾಡ್ರಿ" ಎಂದು ಕೂಗಿದ.

ಸುಗುಣ ಕೂರಲಿಲ್ಲ. ಅಡುಗೆಮನೆಯಲ್ಲಿ ನಿಂತೇ ಎಲ್ಲವನ್ನೂ ಹೇಳಿದಳು. ಒಲೆಯ ಹತ್ತಿರ ಮಗ ಬಂದು ನಿಂತದ್ದು, ಡೆಬ್ಸ್ ಯಾರು ಎಂದು ಕೇಳಿದ್ದು, ತಾನು ನಕ್ಕು ಅವಳ ಹೆಸರು ಹೇಳಿದ್ದು, ಬಸ್ ಸ್ಟಾಪಿನಲ್ಲಿ ಗೊತ್ತಾದರೂ ಬಾಯಿ ಬಿಡದೆ ಹೋದದ್ದು, ಫೋನ್ ಎತ್ತದಿದ್ದದ್ದು. ನೀಲಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹಿಟ್ಟು ಅಂಗೈಯಗಲವಾಗಿ, ತಟ್ಟೆಯಗಲವಾಗಿ ಹರಡಿ ಹೆಂಚಿಗೆ ಹೋಯಿತು. ಮಾತು ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಅದರ ಮೇಲೆ ನೀರು ಸವರಿದಳು.

"ಮಗನ್ನ ಬಿಡ್ರಿ" ಎಂದಳು. "ಯಾರ ಹೊಟ್ಟ್ಯಾಗ ಎಂಥಾ ಮಗಾ ಹುಟ್ಟತಾನ, ಯಾರ್ ಬಲ್ಲರು? ಇವತ್ತ್ ಇದ್ದಂಗ ನಾಳಿಗ್ ಇರ್ತಾನಂತನೂ ಇಲ್ಲ. ನಾ ಒಂದ್ ಕೇಳ್ತೀನಿ. ಆ ಸೋಮವಾರ ನೀವು ಸಹಿ ಮಾಡಿದ್ರ್ಯೋ ಇಲ್ಲೋ?"

ದಾರಿಯುದ್ದಕ್ಕೂ ಸುಗುಣ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದಳು. ಅದರಲ್ಲಿ ಇದೊಂದು ಇರಲಿಲ್ಲ.

"ಮಾಡಿದೆ" ಎಂದಳು.

ನೀಲಕ್ಕ ರೊಟ್ಟಿ ತಿರುವಿ ಹಾಕಿದಳು. ಅದು ಉಬ್ಬಿತು.

"ಎಲ್ಲಾರೂ ಮಾಡ್ತಾರಂತ ನಂಗ ಗೊತ್ತಿತ್ತು. ಮಕ್ಕಳು ಮರಿ ಅದಾವ, ಪಾಪ. ಆದ್ರ ನೀವು ಮಾಡಂಗಿಲ್ಲ ಅಂತ ನಮ್ಮವರ ಮುಂದ ಬಾಯಿ ತುಂಬ ಹೇಳಿದ್ದೆ. ಸುಗುಣಕ್ಕ ಅಂಥಾಕಿ ಅಲ್ಲ, ನೋಡ್ತಿರ್ರಿ ಬೇಕಾದ್ರ, ಅಂದಿದ್ದೆ." ಅವಳು ಒಳಕೋಣೆಯ ಕಡೆ ನೋಡಲಿಲ್ಲ. "ಕೂಡ್ರಿ. ರೊಟ್ಟಿ ಆರಿದ್ರ ಛಲೋ ಆಗೂದಿಲ್ಲ."

ತಟ್ಟೆ ಬಂತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅದರ ಮೇಲೆ ಮೊಸರು. ಬಂದವರನ್ನು ಉಣಿಸದೆ ಕಳಿಸುವ ಮನೆಯಲ್ಲ ಅದು. ಸುಗುಣ ಮುರಿದು ಬಾಯಿಗಿಟ್ಟಳು. ಒಂದು ತುತ್ತನ್ನೂ ಬಿಡುವಂತಿರಲಿಲ್ಲ. ನೀಲಕ್ಕ ಎದುರಿಗೇ ನಿಂತು, ತಟ್ಟೆ ಖಾಲಿಯಾಗುವ ಮುನ್ನ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು. ಅದನ್ನೂ ತಿಂದಳು.

ಕೈ ತೊಳೆದು, ಒಳಗಿದ್ದ ಚನ್ನಬಸಯ್ಯನಿಗೆ ಕೈ ಮುಗಿದು, ಸುಗುಣ ಬಾಗಿಲಿಗೆ ಬಂದಳು. ಚಪ್ಪಲಿ ಮೆಟ್ಟಿಕೊಂಡು ತಿರುಗಿ, "ಬರುತ್ತೇನೆ ನೀಲಕ್ಕ" ಎಂದಳು.

"ಹೋಗ್ರಿ" ಎಂದಳು ನೀಲಕ್ಕ.

ಊರಲ್ಲಾಗಲಿ, ಪರದೇಶದಲ್ಲಾಗಲಿ, ಹೋಗುವವರಿಗೆ ಬರೀ ಅಷ್ಟನ್ನೇ ಯಾರೂ ಹೇಳುವುದಿಲ್ಲ. ಉಳಿದ ಅರ್ಧ ಬರುವುದೇನೋ ಎಂದು ಸುಗುಣ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಳು. ನೀಲಕ್ಕ ಅವಳನ್ನು ನೋಡುತ್ತಲೇ ಇದ್ದಳು, ಸಿಟ್ಟಿಲ್ಲದ ಕಣ್ಣುಗಳಿಂದ. ಆಮೇಲೆ ಹೆಂಚಿನ ಮೇಲಿನ ರೊಟ್ಟಿ ಕರಕಲಾಗುವ ವಾಸನೆ ಬಂದು, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡು ಒಳಗೆ ಹೋದಳು.